ಧಾರವಾಡದಲ್ಲಿ ಒಂದು ಬಿಸು ಕಣಿ

ನನ್ನ ಹಳೆಯ ವರ್ಷಕ್ಕೆ ಇನ್ನೂ ಇಪ್ಪತ್ತು ದಿನ ಆಯುಷ್ಯವಿರುವಾಗಲೇ ಧಾರವಾಡದವರಿಗೆ ಹೊಸ ವರ್ಷ ಬಂದುಬಿಟ್ಟಿತು. ಬೆಳಿಗ್ಗೆ ಕಣ್ಣುಜ್ಜಿಕೊಂಡು ಕೋಣೆಯಿಂದ ಹೊರಗೆ ಬಂದವಳನ್ನು ಮನೆಯೊಡತಿ ನೀಲವ್ವ ರಟ್ಟೆ ಹಿಡಿದು ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಬಚ್ಚಲಿಗೆ ಅಟ್ಟಿದರು. ಮಿಂದು ಬಂದರೆ ಕೈಗೆ ಒಂದು ಹಿತ್ತಾಳೆಯ ಲೋಟ. ಬೆಲ್ಲದ ನೀರಿನಲ್ಲಿ ಬೇವಿನ ಹೂ, ಪುಟಾಣಿ, ಒಣಕೊಬ್ಬರಿಯ ಚೂರು ತೇಲುತ್ತಿದ್ದವು.

“ಕುಡಿ, ಇದು ಬೇವು. ಇವತ್ತ ಯುಗಾದಿ,” ಎಂದರು ನೀಲವ್ವ.

“ನಮಗೆ ಹೊಸ ವರ್ಷ ಇನ್ನೂ ಆಗಲಿಲ್ಲ. ಅದಕ್ಕೆ ಇಪ್ಪತ್ತು ದಿನ ಉಂಟು,” ಎಂದೆ.

“ಆಗಿಲ್ಲಂದ್ರ? ನಿಮ್ಮೂರಾಗ ಚಂದ್ರ ಬ್ಯಾರೆ ಐತೇನ?”

“ನಾವು ಸೂರ್ಯನ ಲೆಕ್ಕದವರು.”

“ಹಂಗಾರ ಸೂರ್ಯನರ ಬ್ಯಾರೆ ಐತೇನ?” ಎಂದು ಅವರು ನಕ್ಕರು. ನಾನು ನಗಲಿಲ್ಲ. ಲೋಟವನ್ನು ಮಾತ್ರ ಖಾಲಿ ಮಾಡಿದೆ.

ಕಾರ್ಕಳದ ಕಡೆಯಿಂದ ಹೊರಟು, ಘಟ್ಟ ಹತ್ತಿ, ಬೀರೂರಿನಲ್ಲಿ ರೈಲು ಹಿಡಿದು ನಾನು ಇಲ್ಲಿಗೆ ಬಂದದ್ದು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯಾಗಲು. ಹುಬ್ಬಳ್ಳಿ ಸ್ಟೇಶನ್ನಿನ ಹತ್ತಿರ ಸಣ್ಣ ಹೋಟೆಲು ಇಟ್ಟಿರುವ ನನ್ನ ಸೋದರಮಾವ ಅಪ್ಪನಿಗೆ ಕಾಗದ ಬರೆದಿದ್ದರು: ಧಾರವಾಡದಲ್ಲಿ ಹುಡುಗಿಯರಿಗೆ ಟ್ರೇನಿಂಗ್ ಕೊಡುತ್ತಾರೆ, ಎರಡು ವರ್ಷ ಓದಿದರೆ ಸರ್ಟಿಫಿಕೇಟು, ಆಮೇಲೆ ಇವಳು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಮಾವ ಹೋಟೆಲಿನ ಬೆಂಚಿನ ಮೇಲೆಯೇ ಮಲಗುವವರಾದ್ದರಿಂದ ನನಗೆ ಧಾರವಾಡದಲ್ಲಿ ಒಂದು ಕೋಣೆ ಹುಡುಕಬೇಕಾಯಿತು. ಕಡಲ ಕಡೆಯವಳೆಂದ ಕೂಡಲೇ ಮೂರು ಮನೆಯವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ನಾವು ಜೈನರು, ಮೀನು ಮುಟ್ಟುವವರಲ್ಲ ಎಂದು ಮಾವ ಎಷ್ಟು ಹೇಳಿದರೂ ಅವರಿಗೆ ನಂಬಿಕೆಯಿಲ್ಲ. ಕೊನೆಗೆ ಒಪ್ಪಿದವರು ನೀಲವ್ವ. ಹತ್ತಿ ವ್ಯಾಪಾರಿಯೊಬ್ಬರ ವಿಧವೆ. ಬೆಳಿಗ್ಗೆ ಇಷ್ಟಲಿಂಗದ ಪೂಜೆಯಾಗದೆ ನೀರು ಸಹ ಕುಡಿಯದವರು. ಮನೆಯಲ್ಲಿ ಅವರು ಮತ್ತು ಮೂರು ವರ್ಷದ ಮೊಮ್ಮಗಳು, ಇಬ್ಬರೇ.

ಮನೆಯೆಂದರೆ ನಮ್ಮ ಹಂಚಿನ ಮಾಡಿನಂತಲ್ಲ. ಮೇಲೆ ಮಣ್ಣು ಹಾಸಿದ ಮಾಳಿಗೆ. ನಡುವೆ ಒಂದು ಬೆಳಕಿಂಡಿ. ಗೋಡೆಗಳು ಎರಡು ಮೊಳ ದಪ್ಪ. ಅಲ್ಲಿ ನನಗೆ ಮೊದಲ ತಿಂಗಳು ಮಣ್ಣಿನೊಳಗೆ ಹುಗಿದಂತೆ ಅನಿಸುತ್ತಿತ್ತು. ನಮ್ಮಲ್ಲಿ ಅಂಗಳದ ಬಾವಿಗೆ ಕೊಡಪಾನ ಇಳಿಬಿಟ್ಟರೆ ನೀರು, ಇಲ್ಲಿ ನೀರಿಗಾಗಿ ಬೀದಿಯ ಕೊನೆಯವರೆಗೆ ಹೋಗಬೇಕು. ಕುಚ್ಚಲಕ್ಕಿಯ ಗಂಜಿ ಕಂಡು ಎಂಟು ತಿಂಗಳಾಗಿತ್ತು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯಲು ಕಲಿತಿತ್ತು ನಿಜ, ಆದರೆ ಅದು ಕಲಿಕೆಯೇ, ಹಸಿವಲ್ಲ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾರದ್ದು ಮಾತು. ನಮಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಪುಸ್ತಕದಿಂದ ಕಲಿತ ಕನ್ನಡವೇ ಶುದ್ಧವೆಂದು ತಿಳಿದು ಬಂದವಳು ನಾನು. ಬಂದ ವಾರದಲ್ಲೇ ನೀಲವ್ವ ಅಡುಗೆಮನೆಯಿಂದ “ಆಕೀನ್ನ ಎತಗೊಂಡ ಬಾ” ಎಂದು ಕೂಗಿದರು. ನಾನು ಗಡಿಗೆಯಿಂದ ಒಂದು ಸೇರು ಅಕ್ಕಿ ಎತ್ತಿಕೊಂಡು ಹೋದೆ. ಅವರು ಕೇಳಿದ್ದು ಜಗಲಿಯಲ್ಲಿ ಅಳುತ್ತಿದ್ದ ಮೊಮ್ಮಗಳನ್ನು. ಇಲ್ಲಿ ‘ಆಕಿ’ ಎಂದರೆ ಅವಳು. ಈ ಕಥೆ ಓಣಿಯಲ್ಲೆಲ್ಲ ಸುತ್ತಿ, ನೀರಿನ ಹತ್ತಿರ ಹೆಂಗಸರು ನನ್ನನ್ನು ಕಂಡರೆ “ಅಕ್ಕಿ ಬಂದ್ಲು ನೋಡ್ರಿ” ಅನ್ನತೊಡಗಿದರು.

ಟ್ರೇನಿಂಗಿನಲ್ಲಿ ಅದು ನಗುವ ವಿಷಯವಾಗಿರಲಿಲ್ಲ. ಅಲ್ಲಿ ನಾವು ಸಣ್ಣ ಹುಡುಗಿಯರ ತರಗತಿಗೆ ಹೋಗಿ ಪಾಠ ಮಾಡಿ ತೋರಿಸಬೇಕು. ಹಿಂದಿನ ಬೆಂಚಿನಲ್ಲಿ ನಮ್ಮ ಹಿರಿಯ ಶಿಕ್ಷಕಿ ಕುಳಿತು ಬರೆದುಕೊಳ್ಳುತ್ತಾರೆ. ಇಲ್ಲಿ ಶಿಕ್ಷಕಿಯರನ್ನು ‘ಬಾಯಾರು’ ಎನ್ನುತ್ತಾರೆ. ನನಗೆ ಬಂದ ಮೊದಲ ಪಾಠ ಸಮುದ್ರ. ಆ ತರಗತಿಯಲ್ಲಿ ಸಮುದ್ರ ಕಂಡವಳು ನಾನೊಬ್ಬಳೇ. ಎಷ್ಟು ಹುರುಪಿನಿಂದ ಹೋಗಿದ್ದೆ! “ಮಕ್ಕಳೇ, ಕಡಲಿನಲ್ಲಿ ಎಂತೆಂತ ಉಂಟು, ಗೊತ್ತುಂಟಾ?” ಎಂದು ಶುರುಮಾಡಿದೆ. ಮುಂದಿನ ಸಾಲಿನ ಹುಡುಗಿ ಪಕ್ಕದವಳಿಗೆ “ಉಂಟಾ?” ಎಂದಳು. ಅವಳು “ಉಂಟು” ಎಂದಳು. ಆಮೇಲೆ ನಲವತ್ತು ಬಾಯಿಗಳಲ್ಲೂ ಉಂಟು, ಉಂಟು. ಅಲೆಯ ವಿಷಯಕ್ಕೆ ನಾನು ತಲುಪಲೇ ಇಲ್ಲ. ನನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಸಂಗತಿಯಲ್ಲಿ ನಾನು ನಪಾಸಾದೆ. ಇನ್ನೊಂದು ಪಾಠದಲ್ಲೂ ಹೀಗೇ ಆದರೆ ಊರಿಗೆ ಹೋಗಬಹುದು ಎಂದು ಬಾಯಾರು ಗದರದೆ, ತಣ್ಣಗೆ ಹೇಳಿದರು. ಗದರಿದ್ದರೆ ಒಳ್ಳೆಯದಿತ್ತು.

ಎರಡನೆಯ ಪಾಠವನ್ನು ಅವರು ಇಟ್ಟದ್ದು ಬಿಸುವಿನ ದಿನವೇ. ದಿನ ಬದಲಾಯಿಸಿರೆಂದು ಕೇಳಲು ಅವರ ಕೋಣೆಗೆ ಹೋದೆ. ಬಿಸು ನಮ್ಮ ಹೊಸ ವರ್ಷ, ಹಿಂದಿನ ರಾತ್ರಿಯೇ ಅಕ್ಕಿ, ತೆಂಗಿನಕಾಯಿ, ಸೌತೆ, ಹೂ, ಬಂಗಾರ, ಕನ್ನಡಿ ಎಲ್ಲ ಜೋಡಿಸಿ ಕಣಿ ಇಡುತ್ತೇವೆ, ಬೆಳಿಗ್ಗೆ ಅಮ್ಮ ನಮ್ಮ ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ಅದರ ಮುಂದೆ ಕಣ್ಣು ತೆರೆಸುತ್ತಾರೆ, ವರ್ಷದ ಮೊದಲ ನೋಟ ಒಳ್ಳೆಯದಾದರೆ ವರ್ಷವೂ ಒಳ್ಳೆಯದು, ಆಮೇಲೆ ಹಿರಿಯರ ಕಾಲಿಗೆ ಬೀಳುತ್ತೇವೆ ಎಂದೆಲ್ಲ ವಿವರಿಸಿದೆ.

ಬಾಯಾರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. “ಭಾಳ ಛಂದ ಅದ. ಆದ್ರ ಯುಗಾದಿ ಸೂಟಿ ನೀವೂ ತೊಗೊಂಡೀರಲ್ಲ? ಒಬ್ಬರಿಗೆ ಎರಡು ಹೊಸ ವರ್ಷ ಹೆಂಗ ಕೊಡೋದು?”

ಸೂಟಿ ಎಂದರೆ ರಜೆ. ನಾನು ಕೇಳದ ರಜೆ ಅದು. ಪಾಠದ ದಿನ ಬದಲಾಗಲಿಲ್ಲ.

ಕಣಿಯನ್ನಾದರೂ ಇಡುವೆನೆಂದು ಹಟ ಹಿಡಿದೆ. ಮಾವ ಹುಬ್ಬಳ್ಳಿಯಿಂದ ಒಂದು ತೆಂಗಿನಕಾಯಿ, ಎರಡು ಹಣ್ಣು ಸೌತೆ ಕಳಿಸಿದರು. ಜೊತೆಗಿದ್ದ ಚೀಟಿಯಲ್ಲಿ, ಹೋಟೆಲಿನವನಿಗೆ ಹಬ್ಬವೆಂದರೆ ಬೇರೆಯವರ ಹಬ್ಬ, ನನ್ನ ಹೆಸರಿನಲ್ಲಿ ನೀನೇ ಕಣಿ ನೋಡು ಎಂದು ಬರೆದಿದ್ದರು. ಕನ್ನಡಿಗಾಗಿ ಮಾರ್ಕೆಟ್ಟಿನ ಹುಸೇನಸಾಬರ ಅಂಗಡಿಗೆ ಹೋದೆ. ಚಿತ್ರಗಳಿಗೆ ಚೌಕಟ್ಟು ಹಾಕುವ ಮುದುಕರು.

“ಕನ್ನಡಿ ಯಾಕ ಬೇಕ್ರಿ?”

“ಹೊಸ ವರ್ಷದ ಬೆಳಿಗ್ಗೆ ಮೊದಲು ಮುಖ ನೋಡಿಕೊಳ್ಳಲಿಕ್ಕೆ.”

ಯಾವ ಹೊಸ ವರ್ಷ, ಯುಗಾದಿ ಆಗಲಿಲ್ಲವೇ ಎಂದು ಅವರು ಕೇಳಲಿಲ್ಲ. ಕೈಯಲ್ಲಿದ್ದ ಕನ್ನಡಿಯನ್ನು ಒಳಗಿಟ್ಟು ಇನ್ನೊಂದನ್ನು ತೆಗೆದರು. “ಹಂಗಾರ ಇದನ್ನ ಒಯ್ರಿ. ಅದರಾಗ ಮಾರಿ ಸ್ವಲ್ಪ ಸೊಟ್ಟ ಕಾಣ್ತೈತಿ. ವರ್ಷದ ಮೊದಲನೇ ದಿನ ಅದು ಬ್ಯಾಡ,” ಎಂದರು. ಆ ತಿಂಗಳಲ್ಲಿ ನನ್ನೊಡನೆ ಯಾರಾದರೂ ಆಡಿದ ಅತ್ಯಂತ ಒಳ್ಳೆಯ ಮಾತು ಅದೇ ಇರಬೇಕು.

ಹಿಂದಿನ ರಾತ್ರಿ, ನನ್ನ ಪೆಟ್ಟಿಗೆಯ ಎಳೆ ಸರವನ್ನೂ ಸೇರಿಸಿ, ಕಣಿಯನ್ನು ಕೋಣೆಯ ಮೂಲೆಯಲ್ಲಿ ಇಟ್ಟೆ. ಬೆಳಿಗ್ಗೆ ಎಚ್ಚರವಾದಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಎದ್ದೆ. ಕರೆದೊಯ್ಯುವವರಿಲ್ಲ. ಗೋಡೆ ಹಿಡಿದು, ಹೆಜ್ಜೆ ಲೆಕ್ಕಮಾಡುತ್ತ ನಡೆದೆ. ಇನ್ನೆರಡು ಹೆಜ್ಜೆ ಇರುವಾಗ ಎದುರಿನಿಂದಲೇ ಕಿರುಚಿದ ಸದ್ದು.

“ಶಿವನೇ! ಏನಿದು ನನ್ನ ಮನ್ಯಾಗ?”

ಕಣ್ಣು ಬಿಟ್ಟೆ. ಆ ವರ್ಷ ನಾನು ಮೊದಲು ಕಂಡದ್ದು ಕಸಬರಿಗೆ ಹಿಡಿದ ನೀಲವ್ವನ ಮುಖ. ಅಂಗಳ ಗುಡಿಸಲು ಕಸಬರಿಗೆ ತೆಗೆದುಕೊಳ್ಳಲು ನನ್ನ ಕೋಣೆಗೆ ಬಂದಿದ್ದರಂತೆ. ಬೆಳಕಿಂಡಿಯ ಮಸುಕು ಬೆಳಕಿನಲ್ಲಿ ಅಕ್ಕಿಯ ರಾಶಿ, ಅರಿಶಿನ ಬಳಿದ ಸೌತೆಕಾಯಿ, ಕನ್ನಡಿಯಲ್ಲಿ ತಮ್ಮದೇ ನೆರಳು ಕಂಡು ಎದೆಯೊಡೆದುಕೊಂಡಿದ್ದಾರೆ.

“ಮಾಟ ಮಾಡಾಕತ್ತೀಯೇನ? ಕೂಸು ಇರೋ ಮನಿ ಇದು!” ನಾನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಿಯನ್ನು ಬೋರಲು ಹಾಕಿ, ಅಕ್ಕಿಯನ್ನೆಲ್ಲ ಕಸದ ಜೊತೆ ಗುಡಿಸಿದರು.

ಎಂಟು ತಿಂಗಳು ಅವರ ಕನ್ನಡಕ್ಕೆ ನನ್ನ ನಾಲಿಗೆಯನ್ನು ಬಗ್ಗಿಸಲು ಹೆಣಗಿದವಳು ಆಗ ಅಳುತ್ತ ತುಳುವಿನಲ್ಲಿ ಕಿರುಚಿದೆ. ಏನೆಂದೆನೋ ಎಲ್ಲವೂ ನೆನಪಿಲ್ಲ. ಇದು ನನ್ನ ದೇವರು, ಇದು ನನ್ನ ಅಮ್ಮ ಇಡುವ ಕಣಿ, ನಿಮ್ಮ ಕಹಿಯನ್ನು ನಾನು ಕುಡಿಯಲಿಲ್ಲವೇ, ಇಂಥದೇ ಏನೋ. ಅವರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಕಸಬರಿಗೆಯನ್ನು ಹಾಗೇ ಹಿಡಿದು ನಿಂತರು. ನಾನು ಮುಖ ತೊಳೆದು, ಏನೂ ತಿನ್ನದೆ, ಪಾಠಕ್ಕೆ ಹೊರಟೆ.

ಆ ದಿನದ ಪಾಠ ಹತ್ತಿ. ಹತ್ತಿಯ ಹೊಲವನ್ನು ನಾನು ರೈಲಿನ ಕಿಟಕಿಯಿಂದಲ್ಲದೆ ಕಂಡವಳಲ್ಲ. ಒಂದು ಹಿಡಿ ಹತ್ತಿಯನ್ನು ಎತ್ತಿ ತೋರಿಸಿ, “ಬೀಜ ತೆಗೆದ ಮೇಲೆ ಇದಕ್ಕೆ ಅರಳೆ ಎನ್ನುತ್ತಾರೆ” ಎಂದೆ.

“ಅಳ್ಳಿ!” ಎಂದಳು ಒಬ್ಬಳು.

“ಅರಳೆ.”

“ಅಲ್ರಿ ಬಾಯಾರ, ಅಳ್ಳಿ!” ಈ ಸಲ ಎಲ್ಲರೂ.

ಬೇರೆ ದಿನವಾದರೆ ನಾನು ಪಾಠವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಆ ದಿನ ನನ್ನಲ್ಲಿ ಸಿಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಸೀಮೆಸುಣ್ಣವನ್ನು ಹಲಗೆಯ ಮೇಲೆ ಊರಿ, “ಸರಿ. ನನಗೆ ಗೊತ್ತಿಲ್ಲ. ನೀವೇ ಹೇಳಿ, ನಾನು ಬರೆಯುತ್ತೇನೆ,” ಎಂದೆ. ಆಮೇಲೆ ಒಬ್ಬೊಬ್ಬರೇ ಎದ್ದರು. ಒಬ್ಬಳ ತಂದೆ ಹತ್ತಿ ಬಿಡಿಸಲು ಆಳು ಕರೆಯುತ್ತಾನೆ, ಇನ್ನೊಬ್ಬಳ ಅಜ್ಜಿ ಹಂಜಿ ಮಾಡುತ್ತಾಳೆ. ಹಂಜಿ ಎಂದರೆ ನೂಲಲು ಬತ್ತಿಯಂತೆ ಹೊಸೆದ ಹತ್ತಿ. ಹಿಂಜುವವರ ಮನೆಯ ಹುಡುಗಿ, ಆವರೆಗೆ ಬಾಯೇ ತೆರೆಯದವಳು, ಅಪ್ಪ ಹತ್ತಿ ಹಿಂಜುವ ಬಿಲ್ಲಿನ ಸದ್ದನ್ನು ಬಾಯಲ್ಲೇ ನುಡಿಸಿ ತೋರಿಸಿದಳು. ಗಂಟೆ ಹೊಡೆದಾಗ ಹಲಗೆಯಲ್ಲಿ ಜಾಗವಿರಲಿಲ್ಲ. ಯಾರೂ ‘ಉಂಟು’ ಅನ್ನಲಿಲ್ಲ.

ಬಾಯಾರು ಹೊರಗೆ ಕರೆದರು. “ಪಾಸ್ ಆದ್ರಿ. ಆದ್ರ ಪಾಠ ನೀವು ಮಾಡಿಲ್ಲ, ಹುಡಿಗ್ಯಾರು ಮಾಡ್ಯಾರ. ನಿಮ್ಮ ಭಾಷಾ ಇನ್ನೂ ಸುಧಾರಿಸಬೇಕು.” ಹೀಗೆ ಗೆದ್ದೂ ತಲೆ ತಗ್ಗಿಸಿ ನಿಲ್ಲುವುದನ್ನು ನಾನು ಕಲಿತದ್ದು ಧಾರವಾಡದಲ್ಲೇ.

ಮಧ್ಯಾಹ್ನ ಮನೆಗೆ ಬಂದರೆ ನನ್ನ ಕೋಣೆಯ ಮೂಲೆಯಲ್ಲಿ ಕಣಿ ಮತ್ತೆ ಇತ್ತು. ತೆಂಗಿನಕಾಯಿ, ಸೌತೆ, ಕನ್ನಡಿ. ಅಕ್ಕಿಯ ಜಾಗದಲ್ಲಿ ಬಿಳಿಜೋಳ. ಸೌತೆಯ ಅರಿಶಿನದ ಮೇಲೆ ಮೂರು ಬೆರಳಿನ ವಿಭೂತಿ. ನನ್ನ ಪೆಟ್ಟಿಗೆಯಲ್ಲಿದ್ದ ಎಳೆ ಸರ ಸಾಲದೆಂದೋ ಏನೋ, ನೀಲವ್ವ ತಮ್ಮ ಬಂಗಾರದ ಪಾಟಲಿ ಬಳೆಯೊಂದನ್ನೂ ಪಕ್ಕಕ್ಕಿಟ್ಟಿದ್ದರು.

“ಅಕ್ಕಿ ಹೊಲಸಾಗಿತ್ತು. ಜ್ವಾಳ ಹಾಕೇನಿ,” ಎಂದರು ಬಾಗಿಲಲ್ಲಿ ನಿಂತು. “ನಿನ್ನ ಸಿಟ್ಟು ಖರೇನ ಇತ್ತು. ಮಾಟ ಮಾಡಾಕಿ ಹಂಗ ಅಳೂದಿಲ್ಲ. ನಿಮ್ಮ ಮಾವಗ ಹೇಳಿ ಕಳಿಸಿದ್ದೆ, ಆಂವ ಬಂದು ತಿಳಿಸಿ ಹ್ವಾದ. ಈಗ ಕಣ್ಣು ಮುಚಗೋ, ನಾ ಕರಕೊಂಡ ಹೊಕ್ಕೇನಿ.”

ನಡುಮಧ್ಯಾಹ್ನದ ಕಣಿ ಕಣಿಯಲ್ಲ. ಜೋಳ ಅಕ್ಕಿಯಲ್ಲ. ಅವರ ಒರಟು ಅಂಗೈ ನನ್ನ ಅಮ್ಮನದಲ್ಲ. ಆದರೂ ಕಣ್ಣು ಮುಚ್ಚಿದೆ. ಕನ್ನಡಿಯಲ್ಲಿ ನನ್ನ ಮುಖದ ಹಿಂದೆ ಅವರ ಮುಖವೂ ಕಾಣುತ್ತಿತ್ತು. ಇದಾದ ಮೇಲೆ ಹಿರಿಯರ ಕಾಲಿಗೆ ಬೀಳಬೇಕು. ಮಾವ ಅದನ್ನೂ ಹೇಳಿದ್ದಿರಬೇಕು, ಅವರು ಸೆರಗು ಸರಿಮಾಡಿಕೊಂಡು ಕಾದು ನಿಂತಿದ್ದರು. ನಾನು ಬೀಳಲಿಲ್ಲ. ಬೆಳಗಿನ ಸಿಟ್ಟು ಮೊಣಕಾಲನ್ನು ಬಗ್ಗಗೊಡಲಿಲ್ಲ. ಅವರು “ಊಟಕ್ಕ ಬಾ,” ಎಂದು ಒಳಗೆ ಹೋದರು. ಈ ಬರಹದಲ್ಲಿ ಬೇರೆಯವರ ಮೇಲೆ ಎಷ್ಟೋ ದೂರು ಹೇಳಿದ್ದೇನೆ. ನನ್ನ ಮೇಲೆ ಹೇಳಬೇಕಾದದ್ದು ಇದು.

ಮರುವರ್ಷ ಸರ್ಟಿಫಿಕೇಟು ಸಿಕ್ಕಿತು. ಬೇಸಿಗೆಯಲ್ಲಿ ಊರಿಗೆ ಹೋದವಳು ಅದನ್ನು ಹಿಡಿದುಕೊಂಡು ನಮ್ಮ ಕಡೆಯ ಒಂದು ಶಾಲೆಗೆ ಹೋದೆ. ಅಲ್ಲಿಯ ವ್ಯವಸ್ಥಾಪಕರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. “ಇದು ಬೊಂಬಾಯಿ ಪ್ರಾಂತದ್ದಲ್ಲವಾ? ನಾವು ಮದ್ರಾಸಿನವರು. ಇಲ್ಲಿ ಇದು ಸಾಲುವುದಿಲ್ಲ,” ಎಂದರು. ಎರಡೂ ಕಡೆ ಕಲಿಸುವುದು ಕನ್ನಡವೇ ಎಂದೆ. ಅವರು ಪಾಪ ಎಂಬಂತೆ ನೋಡಿ, “ನಿಮ್ಮ ಮಾತೂ ಸ್ವಲ್ಪ ಆ ಕಡೆಯದ್ದಾಗಿದೆ,” ಎಂದು ಸೇರಿಸಿದರು. ಧಾರವಾಡದಲ್ಲಿ ಸಾಲದ ನಾಲಿಗೆ ಇಲ್ಲಿ ಹೆಚ್ಚಾಗಿತ್ತು. ಒಂದೇ ಭಾಷೆಯ ನಾಡನ್ನು ಹೀಗೆ ಹರಿದು ಹಂಚಿದವರ ಮೇಲೆ ಆ ದಿನ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ.

ಧಾರವಾಡದಿಂದ ರಾಯಾಪುರದ ಕಡೆ ಹೋಗುವ ದಾರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಿದೆಯೆಂದು ಬಾಯಾರು ಕಾಗದ ಬರೆದರು. ಭಾಷೆ ಸುಧಾರಿಸಬೇಕೆಂದವರೇ ಶಿಫಾರಸು ಮಾಡಿದ್ದರು. ಹೋಗುವುದೆಂದು ನಿಶ್ಚಯಿಸಿದೆ. ಹೊರಡುವ ದಿನ ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿದರು. ಅಮ್ಮ ಕಿಟಕಿಯ ಹತ್ತಿರ ಬಂದು, ಬಾಳೆಲೆಯಲ್ಲಿ ಕಟ್ಟಿದ ಬುತ್ತಿಯನ್ನು ನನ್ನ ಮಡಿಲಿಗಿಟ್ಟು ತುಳುವಿನಲ್ಲಿ ಹೇಳಿದರು:

“ಮನೆ ಮುಟ್ಟಿದ ಕೂಡಲೇ ಕಾಗದ ಹಾಕು.”

ಯಾವ ಮನೆ ಎಂದು ಕೇಳಲು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಬಸ್ಸು ಹೊರಟಿತ್ತು. ತಾನು ಏನು ಹೇಳಿದೆನೆಂಬ ಗುರುತೇ ಇಲ್ಲದೆ ಅಮ್ಮ ಕೈಬೀಸುತ್ತಿದ್ದರು.