ಖಾಕಿ ಅಂಗಿ ತೊಟ್ಟು ಸೀತಾಫಲಕ್ಕೆ ಹೋದವನು

ಮೊನ್ನೆ ಬೆಳಿಗ್ಗೆ ಸೊಸೆ ನೀರೊಲೆಯ ಬಿಸಿ ಬೂದಿಯಲ್ಲಿ ಒಂದು ಸೀತಾಫಲದ ಕಾಯಿ ಹುಗಿದಿಟ್ಟಿದ್ದಳು. ಬುಟ್ಟಿಯ ಉಳಿದವೆಲ್ಲ ಹಣ್ಣಾಗಿದ್ದವು, ಇದೊಂದು ಮಾತ್ರ ಕಲ್ಲಿನಂತೆ ಉಳಿದಿತ್ತು. ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ಅದರ ಸಿಪ್ಪೆ ಕರ್ರಗಾಗಿ ಬಿರಿದಿತ್ತು. ಹಸಿ ಎಲೆಯನ್ನೂ ಬೆಲ್ಲವನ್ನೂ ಒಟ್ಟಿಗೆ ಸುಟ್ಟಂಥ ವಾಸನೆ. ಸೊಸೆ ಅದನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ಹಿಡಿದುಕೊಂಡು ಕುಳಿತೆ, ಆರಿ ತಣ್ಣಗಾಗುವವರೆಗೂ...

ನಾನು ಬೀದರ್ ಗಡಿಯಾಚೆಯ ಜಹೀರಾಬಾದಿನ ಬಸ್ ಡಿಪೋದಲ್ಲಿ ಕಂಡಕ್ಟರ್ ಆಗಿದ್ದೆ. ಹತ್ತನೆಯ ತರಗತಿ ಓದಿದವನಿಗೆ ಅದು ದೊಡ್ಡ ನೌಕರಿಯೇ. ನನ್ನ ಜೊತೆ ಬಹಳ ವರ್ಷ ಒಬ್ಬನೇ ಡ್ರೈವರ್ ಇದ್ದ. ನಮ್ಮ ಮನೆಗಳೂ ಅಕ್ಕಪಕ್ಕ, ನಡುವೆ ತಾಂಡೂರು ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ ಮೋಟು ಗೋಡೆ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಡ್ರೈವರ್ ಎಂದೇ ಕರೆಯುತ್ತಿದ್ದರು. ಆಮೇಲೆ ಅದಕ್ಕೆ ಇನ್ನೊಂದು ಶಬ್ದ ಅಂಟಿಕೊಂಡಿತು. ಅದು ಅಂಟಲು ನಾನೇ ಕಾರಣ. ಅದನ್ನು ಬರೆದಿಡೋಣವೆಂದು ಕುಳಿತಿದ್ದೇನೆ.

ಅವನು ರಾಯಿಕೋಡ್ ಕಡೆಯ ಕುರಿ ಸಾಕುವ ಮನೆತನದವನು. ದಪ್ಪ ಕೈ, ದೊಡ್ಡ ಬಾಯಿ. ಹೇಳಿದ್ದರಲ್ಲಿ ಅರ್ಧ ಸುಳ್ಳೇ ಇರುತ್ತಿತ್ತು, ಆದರೆ ಕೇಳಲು ಬೇಸರವಾಗುತ್ತಿರಲಿಲ್ಲ. ಅವನದೊಂದು ಅಭ್ಯಾಸ ಡಿಪೋದಲ್ಲೆಲ್ಲ ತಮಾಷೆಯಾಗಿತ್ತು. ರಸ್ತೆಯ ಬದಿಯಲ್ಲಿ ಯಾರಾದರೂ ಕೈ ಎತ್ತಿದರೆ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಸ್ಟಾಪ್ ಇರಲಿ, ಇಲ್ಲದಿರಲಿ. ಒಮ್ಮೆ ನಾರಾಯಣಖೇಡದ ರಸ್ತೆಯಲ್ಲಿ ಹೊಲದ ಹಕ್ಕಿ ಓಡಿಸುತ್ತಿದ್ದ ಮುದುಕಿ ಕೈ ಬೀಸಿದ್ದಕ್ಕೂ ಬಸ್ಸು ನಿಲ್ಲಿಸಿದ್ದ.

'ಆಕಿ ಗುಬ್ಬಿ ಓಡಸಾಕತ್ತಾಳೋ, ನಿನ್ನ ಕರ್‍ಯಾಕತ್ತಿಲ್ಲ' ಅಂದೆ.

'ಕೈ ಎತ್ತಿದಳಿಲ್ಲೋ? ಗುಬ್ಬಿ ನೋಡೂದು ನಿನ್ನ ಕೆಲಸ, ಕೈ ನೋಡೂದು ನಂದು' ಅಂದ.

ಮಳೆ ಮುಗಿದು ದಸರೆ ಹತ್ತಿರವಾದರೆ ನಮ್ಮ ತಿರುಗಾಟ ಶುರುವಾಗುತ್ತಿತ್ತು. ವಾರದ ರಜೆ ಒಟ್ಟಿಗೇ ಬರುವಂತೆ ನೋಡಿಕೊಂಡು ಎಲ್ಲಿಗಾದರೂ ಹೋಗುತ್ತಿದ್ದೆವು. ದೊಡ್ಡ ಜಾಗಗಳೇನಲ್ಲ. ತಾಂಡೂರಿನ ಆಚೆ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಗಣಿಯಿತ್ತು. ಮಳೆನೀರು ತುಂಬಿ, ಕಲ್ಲಿನ ಬಣ್ಣವೇ ನೀರಿಗೆ ಬಂದು, ಗಾಳಿಯಿಲ್ಲದ ಹೊತ್ತಿನಲ್ಲಿ ಅದು ಹಾಸಿದ ಚಪ್ಪಡಿಯಂತೆ ಕಾಣುತ್ತಿತ್ತು. ಸುತ್ತಲ ಹೊಲಗಳಲ್ಲಿ ತೊಗರಿ ಆಗ ತಾನೆ ಹಳದಿ ಹೂ ಬಿಡುತ್ತಿರುತ್ತಿತ್ತು. ರಾಯಿಕೋಡ್ ಕಡೆ ಹೋದರೆ ಅಣೆಕಟ್ಟಿನ ಹಿನ್ನೀರು ತುಂಬಿ ನಿಂತಿರುತ್ತಿತ್ತು, ಮುಳುಗಿದ ಜಾಲಿ ಗಿಡದ ತುದಿಯಲ್ಲಿ ಬೆಳ್ಳಕ್ಕಿ. ಪಸ್ತಾಪುರದ ಹೊಲಗಳ ಬದುವಿನಲ್ಲಿ ಕುಳಿತು ಸಜ್ಜೆ ರೊಟ್ಟಿ ಪುಂಡಿಪಲ್ಯ ತಿಂದು ಬರುತ್ತಿದ್ದೆವು. ಒಮ್ಮೆ ಝರಾಸಂಗಮಕ್ಕೆ ಹೋದಾಗ ಗುಡಿಗೆ ಹೋಗುವುದನ್ನೇ ಮರೆತು, ಹೊರಗಿನ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಮಲಗಿ ಎದ್ದು ಬಂದೆವು.

ಎಲ್ಲಕ್ಕಿಂತ ಹೆಚ್ಚಾಗಿ ಹೋಗುತ್ತಿದ್ದುದು ಊರಿನಾಚೆಯ ಕೆಂಪು ಗುಡ್ಡಕ್ಕೆ. ಅಲ್ಲಿ ಸೀತಾಫಲದ ಗಿಡಗಳು ತಾವಾಗಿ ಬೆಳೆದಿದ್ದವು, ಯಾರೂ ನೆಟ್ಟವಲ್ಲ. ಗುಡ್ಡದ ನೆತ್ತಿಯ ಬಂಡೆಯಲ್ಲಿ ಒಂದು ಬಿರುಕು. ಕೈ ಹಿಡಿದರೆ ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅದು ಬೀದರ್ ಕೋಟೆಯವರೆಗೆ ಹೋಗುತ್ತದೆಂದು ಡ್ರೈವರ್ ಹೇಳುತ್ತಿದ್ದ. ಒಂದು ವರ್ಷ ಬಗ್ಗಿ ಕಿವಿಯಿಡುವಾಗ ನನ್ನ ಸೀಟಿ ಕಿಸೆಯಿಂದ ಜಾರಿ ಅದರೊಳಗೆ ಬಿತ್ತು. ಡಿಪೋದಲ್ಲಿ ಏನು ಹೇಳಲಿ ಎಂದು ನಾನು ಕೈ ಹಿಸುಕಿಕೊಂಡರೆ ಅವನು ನೆಲದ ಮೇಲೆ ಉರುಳಾಡಿ ನಕ್ಕ. 'ಚಿಂತಿ ಬ್ಯಾಡೋ. ನಾಳಿ ಬೀದರ್ ಸ್ಟ್ಯಾಂಡಿನಾಗ ಕೇಳೂಣು, ಯಾವನರ ಊದಾಕತ್ತಿರ್ತಾನ.'

ಬಲಿತು ಇನ್ನೂ ಹಣ್ಣಾಗದ ಕಾಯಿಗಳನ್ನು ಆರಿಸಿ, ಡ್ರೈವರ್ ಒಣ ಸಗಣಿ ಕುಳ್ಳು ಹಚ್ಚಿ ಸುಡುತ್ತಿದ್ದ. ಮೊದಲು ಬಿರಿದದ್ದನ್ನು ಬರಿಗೈಯಲ್ಲೇ ತೆಗೆದು, ಮುರಿದು, ಅರ್ಧ ನನಗೆ ಕೊಡುತ್ತಿದ್ದ. 'ತಗೋ, ಮೊದಲನೇ ಟಿಕೆಟ್ ಕಂಡಕ್ಟರಂದು.' ಪ್ರತಿ ವರ್ಷ ಇದೇ ಮಾತು. ಬಾಯಿ ಸುಡುತ್ತಿತ್ತು, ಆದರೂ ತಿನ್ನುತ್ತಿದ್ದೆವು.

ಪ್ರತ್ಯೇಕ ತೆಲಂಗಾಣದ ಹೋರಾಟ ಜೋರಾಗಿ, ಬಸ್ಸುಗಳೆಲ್ಲ ಡಿಪೋ ಸೇರಿ ನಿಂತ ವರ್ಷ ಬಂತು. ನಾವೂ ಸ್ಟ್ರೈಕ್ ಮಾಡಿದೆವು, ಮನಸ್ಸಿನಿಂದಲೇ ಮಾಡಿದೆವು. ಡ್ರೈವರ್ ಮೊದಲ ದಿನವೇ ತನ್ನ ಬಸ್ಸಿನ ಮೂತಿಗೆ ಹಾರ ಹಾಕಿ, 'ಮಲ್ಕೋ ತಂಗಿ' ಎಂದು ತಟ್ಟಿ ಬಂದಿದ್ದ. ಹೆದ್ದಾರಿಯ ಕೂಡುರಸ್ತೆಯಲ್ಲಿ ಟೆಂಟು ಹಾಕಿದ್ದೆವು. ದಿನವೂ ಅಲ್ಲಿ ಕೂರುವುದು, ಘೋಷಣೆ, ಚಹಾ, ಹರಟೆ. ಸಂಜೆ ಹೆಂಗಸರು ಹಳದಿ ತಂಗಡಿ ಹೂವನ್ನು ಗೋಪುರದಂತೆ ಪೇರಿಸಿದ ಬತುಕಮ್ಮ ದೇವಿಯನ್ನು ತಂದಿಟ್ಟು ರಸ್ತೆಯಲ್ಲೇ ಸುತ್ತು ಆಡುತ್ತಿದ್ದರು.

ಕುಳಿತೂ ಕುಳಿತೂ ಬೇಸರವಾಗಿ ನಾನೇ ಹೇಳಿದೆ, ಈ ವರ್ಷ ಗುಡ್ಡಕ್ಕೆ ಹೋಗೋದು ತಪ್ಪತದೇನೋ ಅಂತ. ಅವನು ಅದನ್ನು ಹಿಡಿದುಕೊಂಡ. ಭಾವಮೈದುನನ ಜೀಪ್ ತರುತ್ತೇನೆ, ಗಲ್ಲಿಯ ಹೆಂಗಸರನ್ನೂ ಕರೆದುಕೊಂಡು ಹೋಗೋಣ, ಬತುಕಮ್ಮಕ್ಕೆ ಹೂವೂ ಆಗುತ್ತದೆ, ನಮಗೆ ಸೀತಾಫಲವೂ ಆಗುತ್ತದೆ ಎಂದ. ಮಾತು ನನ್ನದು, ಜೀಪ್ ಅವನದು. ಹೋಗುವ ಬೆಳಿಗ್ಗೆ ಅವನು ಖಾಕಿ ಅಂಗಿ ತೊಟ್ಟು ಬಂದ.

'ಇದ್ಯಾಕೋ ಖಾಕಿ?' ಅಂದೆ.

'ಸ್ಟೇರಿಂಗ್ ಹಿಡ್ಯಾಕ ಬ್ಯಾರೆ ಅಂಗಿಲೆ ಬರೂದಿಲ್ಲ ನನಗ.'

ಟೆಂಟಿನಲ್ಲಿ ಮುಖ ತೋರಿಸಿ ಸೈಕಲ್ ಮೇಲೆ ಬಂದು ಸೇರುತ್ತೇನೆ, ನೀವು ಮುಂದೆ ನಡೆಯಿರಿ ಎಂದು ಕಳಿಸಿದೆ. ನನ್ನ ಹೆಂಡತಿಯೂ ಆ ಜೀಪಿನಲ್ಲಿ ಹೋದಳು.

ಟೆಂಟಿನಲ್ಲಿ ಅವತ್ತು ಹವಾ ಬೇರೆಯಾಗಿತ್ತು. ಯಾವುದೋ ಊರಿನಲ್ಲಿ ಸ್ಟ್ರೈಕಿನಲ್ಲಿದ್ದ ಡ್ರೈವರ್‌ಗಳೇ ಕದ್ದು ಖಾಸಗಿ ಗಾಡಿ ಓಡಿಸಿ ಬಾಡಿಗೆ ಹೊಡೆಯುತ್ತಿದ್ದಾರೆಂದು ಸುದ್ದಿ ಬಂದಿತ್ತು. ನಮ್ಮ ಮುಖಂಡ ಒಬ್ಬ ಹುಡುಗುಬುದ್ಧಿಯ ಮೆಕ್ಯಾನಿಕ್. ನನ್ನನ್ನು ನೋಡಿ, 'ಏಮನ್ನಾ, ನೀವು ಕನ್ನಡದವರು ಪೂರಾ ತೆಲಂಗಾಣದ ಕಡೆ ಇದ್ದೀರೋ, ಇಲ್ಲಾ ಒಂದು ಕಾಲು ಬೀದರದಾಗ ಇಟ್ಟೀರೋ?' ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

'ನಿನ್ನ ಡ್ರೈವರ್ ಎಲ್ಲಿ? ಜೀಪ್ ಹೊಡಕೊಂಡು ಹೋಗೂದು ಯಾರೋ ನೋಡ್ಯಾರ' ಎಂದ ಅವನೇ.

ಗುಡ್ಡಕ್ಕೆ ಹೋಗಿದ್ದಾನೆ, ನಾನೂ ಹೊರಟಿದ್ದೇನೆ, ಅನ್ನಬೇಕಾಗಿತ್ತು. ಅಷ್ಟೇ ಆಗಿತ್ತು. ನಾನು, 'ನನಗೇನ್ ಗೊತ್ತು, ಬಾಜೂ ಮನಿ ಅಂದ್ರ ಎಲ್ಲಾ ಹೇಳಿ ಹೋಗ್ತಾರೇನು' ಅಂದೆ. ಅಂದ ಮೇಲೆ ಎದ್ದು ಹೋಗಲು ಆಗಲಿಲ್ಲ. ಸೈಕಲ್ ಟೆಂಟಿನ ಕಂಬಕ್ಕೆ ಒರಗಿಯೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಜೀಪ್ ಬಂತು. ಗಲ್ಲಿಯ ಹೆಂಗಸರು ತಿರುವಿನಲ್ಲೇ ಹೂವಿನ ಬುಟ್ಟಿಗಳ ಸಮೇತ ಇಳಿದು ಹೋಗಿದ್ದರು. ಆದರೂ ಜೀಪ್ ತುಂಬಿತ್ತು. ಬಸ್ಸಿಲ್ಲದೆ ದಾರಿಯಲ್ಲಿ ನಿಂತವರು ಖಾಕಿ ಅಂಗಿ ಕಂಡು ಕೈ ಎತ್ತಿದ್ದರು, ಇವನು ಒಬ್ಬೊಬ್ಬರಿಗೂ ನಿಲ್ಲಿಸಿದ್ದ. ಗಂಟು ಹಿಡಿದ ಮುದುಕಿಯರು, ಬಾಣಂತಿ ಮಗಳನ್ನು ನೋಡಲು ಹೊರಟ ಒಬ್ಬ ತಾಯಿ. ಮೇಲೆ ಎರಡು ಚೀಲ ಸೀತಾಫಲ.

ಟೆಂಟಿನವರು ಜೀಪಿಗೆ ಅಡ್ಡ ನಿಂತರು. ಒಬ್ಬ ಬಾಗಿಲು ತೆರೆದು, 'ಇಳೀರಿ ಸಾಹೇಬ್ರ, ಟ್ರಿಪ್ ಛಲೋ ಆತೇನು?' ಎಂದ.

'ಸೀತಾಫಲಕ್ಕ ಹೋಗಿದ್ವೋ. ಇವರು ದಾರ್‍ಯಾಗ ನಿಂತಿದ್ರು.'

'ಖಾಕಿ ಹಾಕ್ಕೊಂಡು ಸೀತಾಫಲಕ್ಕ?'

ನಗೆ ಎದ್ದಿತು. ಮುದುಕಿಯೊಬ್ಬಳು, 'ಪುಣ್ಯಾತ್ಮ ಏನೂ ತಗೊಂಡಿಲ್ಲಪ್ಪೋ' ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾರೋ ಆಗಲೇ ಬಳೆಯಂಗಡಿಗೆ ಓಡಿದ್ದರು. ಸ್ಟ್ರೈಕ್ ಮುರಿದವನಿಗೆ ಬಳೆ ತೊಡಿಸಿ ಕೂಡಿಸುವುದು ಆ ದಿನಗಳಲ್ಲಿ ಅಲ್ಲಲ್ಲಿ ನಡೆಯುತ್ತಿತ್ತು. ಹಸಿರು ಗಾಜಿನ ಬಳೆ ಬಂದವು. ಅವನ ದಪ್ಪ ಕೈಗೆ ಏರಲಿಲ್ಲ, ಗೆಣ್ಣಿನ ಹತ್ತಿರವೇ ಒಡೆದವು. ಅವನು ಕೈ ಹಿಂತೆಗೆಯಲಿಲ್ಲ. 'ಲೇಡೀಸ್ ಸೈಜ್ ಯಾಕ ತಂದ್ರಿ? ನಮ್ಮವ್ವನ ಸೈಜ್ ತರ್‍ರಿ, ಆಕಿದೂ ಹಿಂಗೇ ಇತ್ತು' ಎಂದ. ಉಳಿದವನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿದರು.

ಆಗ ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದನಲ್ಲ, ಎಲ್ಲರೂ ಹತ್ತಿದರೇ ಎಂದು, ಹಾಗೆ ನೋಡಿದ.

'ಕಂಡಕ್ಟರ್, ನೀನರ ಹೇಳೋ.'

ನಾನು ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳುತ್ತಿದ್ದೆ. ಅದು ಸರಿಯಾಗಿಯೇ ಇತ್ತು...

ಅವನು ಕತ್ತಲಾಗುವವರೆಗೆ ಬ್ಯಾನರಿನ ಕೆಳಗೆ ಕುಳಿತಿದ್ದು ಎದ್ದು ಹೋದ. ನಾನು ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಒಂದು ಬುಟ್ಟಿ ಸೀತಾಫಲವಿತ್ತು. ಮೇಲೆ ಸುಟ್ಟ ಕಾಯಿಯ ಅರ್ಧ, ಮುತ್ತುಗದ ಎಲೆಯಲ್ಲಿ ಸುತ್ತಿದ್ದು. 'ನಿಮ್ಮದಂತ. ಗುಡ್ಡದ ಮ್ಯಾಲೇ ತೆಗೆದು ನನ್ನ ಕೈಯಾಗ ಕೊಟ್ಟಾರ' ಎಂದಳು ಹೆಂಡತಿ. ಅವಳಿಗೆ ಟೆಂಟಿನ ಸುದ್ದಿ ಇನ್ನೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಳದ ಹತ್ತಿರ ಹೆಂಗಸರಿಗೆಲ್ಲ ಇದ್ದದ್ದು ಇದ್ದಂತೆ ಹೇಳಿದಳು. ನಳದ ಮಾತು ಡಿಪೋದವರೆಗೆ ಬರಲಿಲ್ಲ. ಅಲ್ಲಿ ಹೇಳಬೇಕಾಗಿದ್ದವನು ನಾನು.

ದಸರೆ ಬಂತು. ನಮ್ಮ ಕಡೆ ಆ ಸಂಜೆ ಬನ್ನಿ ಎಲೆ ಕೊಟ್ಟು, 'ಬಂಗಾರ ತಗೊಂಡು ಬಂಗಾರದಂಗ ಇರೂಣು' ಎಂದು ಅಪ್ಪಿಕೊಳ್ಳುತ್ತಾರೆ. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು, ಮತ್ತೆ ಎತ್ತಬಾರದು. ಚಿಕ್ಕವನು ದೊಡ್ಡವನ ಮನೆಗೆ ಹೋಗುವುದು ಪದ್ಧತಿ. ನಾನೇ ಅವನಿಗಿಂತ ಚಿಕ್ಕವನು, ನಾನು ಹೋಗಬೇಕಿತ್ತು. ಎಲೆ ಕಿಸೆಯಲ್ಲಿಟ್ಟುಕೊಂಡು ಹೊರಡಲೋ ಬೇಡವೋ ಎನ್ನುತ್ತಿರುವಾಗ ಅವನೇ ಬಂದ. ಬಾಗಿಲಲ್ಲಿ ಅವನ ಕೆಮ್ಮು ಕೇಳಿಸಿತು. ನಾನು ಒಳಕೋಣೆಗೆ ಸರಿದು ಹೆಂಡತಿಗೆ ಕೈಸನ್ನೆ ಮಾಡಿದೆ.

'ಅವರು ಹೊರಗ ಹೋಗ್ಯಾರ್‍ರಿ ಅಣ್ಣಾ' ಎಂದಳು.

'ಹೌದಾ... ಚಪ್ಪಲ್ ಬಿಟ್ಟು ಹೋಗ್ಯಾನ?' ಅಂದ. ಆಮೇಲೆ ಹೆಜ್ಜೆ ಸಪ್ಪಳ.

ಹೆಂಡತಿ ಒಳಗೆ ಬಂದು, 'ನಿಮ್ಮ ಸುಳ್ಳು ನನ್ನ ಬಾಯಿಲೆ ಯಾಕ ಹೇಳಸ್ತೀರಿ?' ಎಂದಳು. ಬೆಳಿಗ್ಗೆ ಎದ್ದು ನೋಡಿದರೆ ನಡುಗೋಡೆಯ ಚಪ್ಪಡಿಯ ಮೇಲೆ ಬನ್ನಿ ಎಲೆ ಇತ್ತು, ಹಾರಬಾರದೆಂದು ಮೇಲೊಂದು ಕೆಂಪು ಕಲ್ಲು.

ಸ್ಟ್ರೈಕ್ ಮುಗಿಯಿತು, ಬಸ್ಸುಗಳು ಹೊರಟವು. ಅವನು ವರ್ಗ ಕೇಳಿಕೊಂಡು ತಾಂಡೂರಿಗೆ ಹೋದ. ಅವನಿಗಿಂತ ಮುಂಚೆ ಅಲ್ಲಿಗೆ ಹೆಸರು ಹೋಗಿತ್ತು, ಬಳೆ ತೊಡಿಸಿಕೊಂಡ 'ಬಳಿ ಡ್ರೈವರ್' ಅಂತ. ತೆಲಂಗಾಣ ರಾಜ್ಯ ಬಂದ ದಿನ ಡಿಪೋದಲ್ಲಿ ಪೇಡೆ ಹಂಚಿದರು. ಸಂತೋಷಪಡಬೇಕಾಗಿದ್ದವನು ಅವನು, ನನಗೆ ಅಷ್ಟು ಸಂತೋಷವಾಗಲಿಲ್ಲ. ಮುಂದೆ ಒಂದೆರಡು ಸಲ ತಾಂಡೂರಿನ ಸ್ಟ್ಯಾಂಡಿನಲ್ಲಿ ದೂರದಿಂದ ಕಂಡ. ಅವನು ಕೈ ಎತ್ತಿದ. ನನ್ನ ಬಸ್ಸು ಹೊರಡುತ್ತಿತ್ತು. ಗಂಟೆಯ ಹಗ್ಗ ಎಳೆದು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡನೆಂದು ಸುದ್ದಿ ಬಂತು.

ಮೊನ್ನೆ ಆ ಅರ್ಧ ಕಾಯಿಯನ್ನು ಗೋಡೆಯ ಚಪ್ಪಡಿಯ ಮೇಲಿಟ್ಟು, ಡಿಪೋದ ಎದುರಿನ ಚಹಾ ಅಂಗಡಿಗೆ ಹೋದೆ. ನಿವೃತ್ತರೆಲ್ಲ ಬೆಳಿಗ್ಗೆ ಅಲ್ಲಿ ಕೂರುತ್ತಾರೆ. ಆ ಮೆಕ್ಯಾನಿಕ್ಕೂ ಇದ್ದ, ಈಗ ಅವನಿಗೂ ತಲೆ ಬಿಳಿಯಾಗಿದೆ. ಅವರಿಗೆಲ್ಲ ಕೇಳುವಂತೆ ಹೇಳಿದೆ, 'ನನ್ನ ಡ್ರೈವರ್ ಅವತ್ತ ಬಾಡಿಗಿ ಹೊಡ್ಯಾಕ ಹೋಗಿರಲಿಲ್ಲ. ಸೀತಾಫಲಕ್ಕೇ ಹೋಗಿದ್ದ. ಹೋಗೂಣು ಅಂದಾವ ನಾನು. ಗೊತ್ತಿದ್ದೂ ಗೊತ್ತಿಲ್ಲ ಅಂದೆ.'

'ಯಾವ ಡ್ರೈವರ್‍ರಿ?' ಎಂದ ಮೆಕ್ಯಾನಿಕ್.

ಹೆಸರು ಹೇಳಿದೆ. ಅವನು ಪಕ್ಕದವನನ್ನು ನೋಡಿದ. ಊರು ಹೇಳಿದೆ, ನಾರಾಯಣಖೇಡದ ಬಸ್ಸು ಎಂದೆ. ಯಾರಿಗೂ ನೆನಪಾಗಲಿಲ್ಲ. ಚಹಾ ಆರುತ್ತಿತ್ತು.

'ಬಳಿ ಡ್ರೈವರ್' ಅಂದೆ.

'ಹಾಂ, ಅವನಾ' ಎಂದರು ಎಲ್ಲರೂ. 'ಹಳೀದಾತು ಬಿಡ್ರಿ ಅದು.'

ಮನೆಗೆ ಬಂದೆ. ಚಪ್ಪಡಿಯ ಮೇಲೆ ಇಟ್ಟದ್ದಕ್ಕೆ ಇರುವೆ ಮುತ್ತಿದ್ದವು. ಗೋಡೆಯ ಆಚೆ ಈಗ ಬೇರೆಯವರಿದ್ದಾರೆ, ಅವರಿಗೆ ಇದೇನೂ ಗೊತ್ತಿಲ್ಲ.