ಗೋಡೆಗೆ ಮುಖ ಮಾಡಿ ನಿಂತ ಬಡಗಿ

ಶಂಶಾಬಾದಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ನನ್ನ ಮಗ, ಅಂದರೆ ನಿಮ್ಮಪ್ಪ, ಹಳೆಯ ಊಟದ ಮೇಜು, ಕುರ್ಚಿಗಳನ್ನು ಕೊಂಡು ತಂದ. ಅವನ್ನು ರಿಪೇರಿ ಮಾಡಲು ಬಂದವರು ಬೀದರ್ ಕಡೆಯ ಒಬ್ಬ ಬಡಗಿ. ಒಂದೊಂದು ಕುರ್ಚಿಯನ್ನೂ ಅಲುಗಾಡಿಸಿ, ಎಲ್ಲಿ ಸಡಿಲವಾಗಿದೆಯೆಂದು ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು. "ಕುರ್ಚೀನೇ ಹೇಳತೈತ್ರಿ" ಎನ್ನುವುದು ಅವರ ಮಾತು. ಖರ್ಚು ಉಳಿಯಲೆಂದು, ಕೂರುವ ಜಾಗದ ಹರಿದ ಬೆತ್ತ ತೆಗೆದು ನಮ್ಮ ಹಳೆಯ ಮಂಚದ ನವಾರು ಪಟ್ಟಿಯನ್ನೇ ಹೆಣೆದರು.

ಕೆಲಸ ಮುಗಿದ ದಿನ ನನ್ನನ್ನು ಕರೆದರು. "ಅವ್ವಾರ, ಒಮ್ಮಿ ಕೂತು ನೋಡ್ರಿ."

"ಸೊಸಿ ಬಂದು ಕೂಡ್ತಾಳ್ರಿ. ನಾ ಎಲ್ಲಾರದೂ ಆದಮ್ಯಾಲೆ ಅಡಗಿಮನ್ಯಾಗ, ನೆಲದ ಮ್ಯಾಲೆ ಉಣ್ಣಾಕಿ."

"ಹಂಗಾರ ನಿಮ್ಮ ಕುರ್ಚಿ ಮ್ಯಾಲೆ ಬೆಕ್ಕು ಕೂಡಿಸ್ತೀರೇನ್ರೀ?"

ನಗು ಬಂತು. ಆದರೂ ಹೊರಗಿನ ಗಂಡಸರೆದುರು ಕುರ್ಚಿಯಲ್ಲಿ ಕೂತು ಗೊತ್ತಿರದ ನಾನು ಸೆರಗು ಹಿಡಿದು ನಿಂತೇ ಇದ್ದೆ. ಅದನ್ನು ಕಂಡು ಅವರು ಗೋಡೆಗೆ ಮುಖ ಮಾಡಿ ನಿಂತರು. "ನಾ ನೋಡಂಗಿಲ್ರಿ, ಕೂಡ್ರಿ."

ಮೆಲ್ಲಗೆ ಕೂತೆ. ತೂಗಾಡುತ್ತಿದ್ದ ನನ್ನ ಹಿಮ್ಮಡಿ ಕುರ್ಚಿಯ ಕಾಲಿಗೆ ಟಕ್ಕೆಂದು ಬಡಿಯಿತು.

"ಕಾಲು ನೆಲಾ ಮುಟ್ಟವಲ್ವು, ಹೌದಿಲ್ರೀ?" ಎಂದರು ಗೋಡೆಯನ್ನೇ ನೋಡುತ್ತಾ. "ಕುರ್ಚೀನೇ ಹೇಳತೈತಿ."

ಉಳಿದಿದ್ದ ಹಲಗೆಯ ತುಂಡೊಂದನ್ನು ಆ ಕುರ್ಚಿಯ ಮುಂಗಾಲುಗಳ ನಡುವೆ, ಕಾಲಿಡಲು ಬರುವಂತೆ ಜೋಡಿಸಿ ಹೋದರು. ಅಂದು ಮೊದಲ ಸಲ ನಿಮ್ಮೆಲ್ಲರ ಜೊತೆ ಕೂತು ಬಿಸಿ ರೊಟ್ಟಿ ಉಂಡೆ.

ನೀವಿಬ್ಬರೂ ಜಗಳಾಡಿ ಹಿಡಿಯುವ ಕುರ್ಚಿ ಅದೇ. ಆಟಕ್ಕೆ ಇಟ್ಟುಕೊಳ್ಳಿ, ಊಟದ ಹೊತ್ತಿಗೆ ಮಾತ್ರ ಈ ಅಜ್ಜಿಗೆ ಬಿಟ್ಟುಕೊಡಿ.