ಫಕ್ಕೀರವ್ವನ ಮೊದಲ ಸಹಿ

ಬೆಳಗಿನ ಆರು ಗಂಟೆ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮೊಂದರ ಅಂಗಳದಲ್ಲಿ ಹದಿನೆಂಟು ಹೆಂಗಸರು ಮೂಗಿಗೆ ಸೆರಗು ಬಿಗಿದು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಕುಳಿತಿದ್ದಾರೆ. ರಾಶಿಗೆ ಕೈ ಹಾಕುವ ಮೊದಲು ನಲವತ್ತಾರರ ಫಕ್ಕೀರವ್ವ ಎಲ್ಲರನ್ನೂ ವಿಚಾರಿಸುತ್ತಾರೆ: “ದವಾಖಾನಿ ಕಾಗದ ಯಾರ ಕಡೆ ಅದಾವ, ತರ್ರಿ.” ಯಾರೋ ಸೊಂಟದಿಂದ ಮಡಿಸಿದ ಹಾಳೆ ತೆಗೆಯುತ್ತಾರೆ. ಅಕ್ಷರಕ್ಕೊಮ್ಮೆ ಬೆರಳಿಟ್ಟು ಫಕ್ಕೀರವ್ವ ಗಟ್ಟಿಯಾಗಿ ಓದುತ್ತಾರೆ. ತಿಳಿಯದ ಮಾತು ಬಂದರೆ, ಡಾಕ್ಟರನ್ನು ಕೇಳುವ ತನಕ ಹೆಬ್ಬೆಟ್ಟು ಒತ್ತಬೇಡ ಎಂದು ಮರಳಿಸುತ್ತಾರೆ.

ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ದಿನಕ್ಕೆ ಇಪ್ಪತ್ತು ಕಿಲೊ ಕಾಯಿ ಬಿಡಿಸಿದರಷ್ಟೇ ಕೂಲಿ. ಘಾಟಿಗೆ ಇಲ್ಲಿ ಕೆಮ್ಮದವರೇ ಇಲ್ಲ. ಮೂಗಿಗೊಂದು ಮುಸುಕು ಕೊಡಲು ಯಾರೂ ಬರಲಿಲ್ಲ. ಪುಕ್ಕಟೆ ಗುಳಿಗೆ ಕೊಡುವವರು ಮಾತ್ರ ಹುಡುಕಿಕೊಂಡು ಬಂದರು.

ಅದು 2005. ರಾಣೆಬೆನ್ನೂರಿನ ಖಾಸಗಿ ದವಾಖಾನೆಯವರೆಂದು ಹೇಳಿಕೊಂಡು ಜೀಪಿನಲ್ಲಿ ಬಂದವರು, ದಮ್ಮಿನ ಹಳೆಯ ಔಷಧ ನಿಲ್ಲಿಸಿ ಹೊಸದು ತಗೊಳ್ಳಿ ಎಂದರು. ಫಕ್ಕೀರವ್ವನ ಅಕ್ಕ ಹೊನ್ನವ್ವ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಗೆ ತಂಗಿಯ ಸಹಿ. ಸಾಕ್ಷರತಾ ತರಗತಿಯಲ್ಲಿ ಮೊದಲು ಕಲಿಸಿದ್ದೇ ಸಹಿ. ಅದನ್ನು ಮಂದಿಯೆದುರು ಹಾಕುವ ಮೊದಲ ಅವಕಾಶ ಅದು. “ಹಿಗ್ಗಿನಾಗ ಇದ್ದೆರಿ. ಮ್ಯಾಲೇನು ಬರದೈತಿ ಅಂತ ನೋಡಲೇ ಇಲ್ಲ.”

ನಾಲ್ಕು ತಿಂಗಳಿಗೆ ಹೊನ್ನವ್ವ ಉಸಿರು ಕಟ್ಟಿ ತೀರಿಕೊಂಡರು. ವರ್ಷ ಕಳೆದು ಓದು ಕೈಹತ್ತಿದ ಮೇಲೆ, ಅಕ್ಕನ ಟ್ರಂಕಿನಲ್ಲಿದ್ದ ಪ್ರತಿಯನ್ನು ಫಕ್ಕೀರವ್ವ ಬಿಡಿಸಿ ನೋಡಿದರು. ಡಾಕ್ಟರ ಕಾಗದವೆಂದರೆ ಇಂಗ್ಲಿಷೇ ಎಂದುಕೊಂಡಿದ್ದರು. ಅದು ಕನ್ನಡದಲ್ಲೇ ಇತ್ತು. ಇದು ಪ್ರಯೋಗ. ಅರ್ಧ ಮಂದಿಗೆ ಸಿಗುವುದು ಔಷಧವೇ ಇಲ್ಲದ ಗುಳಿಗೆ. ಬೇಡವೆನಿಸಿದ ದಿನ ಬಿಟ್ಟು ಹಳೆಯ ಔಷಧಕ್ಕೆ ಮರಳಬಹುದು. ಎಲ್ಲವೂ ಬರೆದಿತ್ತು, ಒಬ್ಬರೂ ಓದಿ ಹೇಳಿರಲಿಲ್ಲ. ನಂಬಲಿಕ್ಕೇ ಆಗದ ಸಂಗತಿ, ಆದರೆ ಕಾಗದದ ಲೆಕ್ಕದಲ್ಲಿ ಒಪ್ಪಿಗೆ ಪಕ್ಕಾ: ಕೆಳಗೆ ಅಕ್ಕನ ನೀಲಿ ಹೆಬ್ಬೆಟ್ಟು, ಪಕ್ಕದಲ್ಲಿ ತಂಗಿಯ ದುಂಡನೆಯ ಸಹಿ. ಹೊನ್ನವ್ವನಿಗೆ ಸಿಕ್ಕಿದ್ದು ಯಾವ ಗುಳಿಗೆಯೋ, ಇಂದಿಗೂ ಯಾರೂ ಹೇಳಿಲ್ಲ.

“ಉಸುರು ಸಿಗವಲ್ದು ಅಂತ ದಿನಾ ಅಂತಿದ್ಲು. ಗುಳಿಗಿ ತಪ್ಪಸಬ್ಯಾಡ ಅಂತ ನಾನ ಬೈತಿದ್ದೆರಿ. ಬಿಡಾಕ ಬರತೈತಿ ಅಂತ ಆ ಕಾಗದದಾಗ ಇತ್ತು.”

ಈಗ ಊಟದ ಬಿಡುವಿನಲ್ಲಿ ಫಕ್ಕೀರವ್ವ ನಾಲ್ವರಿಗೆ ಅಕ್ಷರ ಕಲಿಸುತ್ತಾರೆ. ಪಕ್ಕದಲ್ಲೇ ಕೂತು ತುಂಬು ಬಿಡಿಸುವ ಮುಮ್ತಾಜಬಿ ಬಸ್ಸಿನ ಬೋರ್ಡು, ಔಷಧದ ಚೀಟಿ ಓದುವಷ್ಟಾಗಿದ್ದಾರೆ. ಆದರೂ ಇನ್ನೂ ಹೆಬ್ಬೆಟ್ಟೇ. ಸಹಿ ಕಲಿಸೆಂದು ಎಷ್ಟು ಗೋಗರೆದರೂ ಫಕ್ಕೀರವ್ವ ಜಗ್ಗುವುದಿಲ್ಲ.

“ಸಹಿ ಕಡೀಕ ಕಲಸ್ತೀನ್ರಿ. ಮೊದಲ ಓದ್ಲಿ.”